ದಂಡಿ ಅಳಿಯನ ಹುಟ್ಟು, ಜಾಕೀಟು

"ಎಂಟ ದಿವ್ಸ! ಇವತ್ತಿಂದ ಎಂಟ ದಿವ್ಸದಾಗ ನನ್ನ ಕೈಲೆ ಹೊಳ್ಯಾಗ ಬಾಳಿಮೀನ ಹಿಡದು ತಂದು ಅತ್ತೀಗೆ ಉಣಸಲಿಲ್ಲಂದ್ರ ಈ ಮೀಸಿ ಬೋಳಿಸಿ ಒಗಿತೇನಿ!"

ಮುದ್ದೇಬಿಹಾಳದ ಟೇಲರ್ ಅಬ್ದುಲರಜಾಕ ತನ್ನ ಮನೆಯ ಪಡಸಾಲೆಯಲ್ಲಿ ನಿಂತು, ಕೊರಳಲ್ಲಿ ಅಳತೆಯ ಪಟ್ಟಿ ಜೋತಾಡುತ್ತಿರಲು, ಬಲಗೈಯಲ್ಲಿ ಕತ್ತರಿಯನ್ನು ಮೇಲೆತ್ತಿ ಹಿಡಿದು ಈ ಪ್ರತಿಜ್ಞೆ ಮಾಡಿದ. ಕೇಳಲು ಇದ್ದವರು ಮೂವರೇ. ಹೆಂಡತಿ ಶಮಶಾದಬಿ, ಹೊರಸಿನ ಮೇಲೆ ಮಲಗಿದ್ದ ಅತ್ತೆ ಬಿಬಿಜಾನ, ಮತ್ತು ಅಂಗಿಯ ಅಳತೆ ಕೊಡಲು ಬಂದು ಎರಡೂ ತೋಳು ಅಗಲಿಸಿಕೊಂಡೇ ನಿಂತಿದ್ದ ಒಬ್ಬ ಗಿರಾಕಿ. ಪ್ರತಿಜ್ಞೆ ಮುಗಿದ ಮೇಲೆ ಗಿರಾಕಿ ಮೆಲ್ಲಗೆ ತೋಳು ಇಳಿಸಿದ. ಅವನಿಗೆ ಆ ದಿನ ಅಂಗಿ ಸಿಗುವ ಲಕ್ಷಣ ಕಾಣಲಿಲ್ಲ.

ಆ ಮೀಸೆ ಅಂಥಿಂಥ ಮೀಸೆಯಲ್ಲ! ಊರಿನವರು ಗುರುತು ಹೇಳುವಾಗ "ಮೀಸಿ ಟೇಲರನ ಅಂಗಡಿ ಮುಂದ" ಎನ್ನುತ್ತಿದ್ದರು. ಬಾಳೆಮೀನಿಗೂ ಮೀಸೆಯುಂಟು, ಎರಡು ಉದ್ದನೆಯ ಎಳೆ. ಹೀಗೆ ಒಂದು ಮೀಸೆಗಾಗಿ ಇನ್ನೊಂದು ಮೀಸೆ ಪಣಕ್ಕೆ ಬಿತ್ತು.

ಮೀನಿನ ಮಾತು ಎತ್ತಿದವಳು ಬಿಬಿಜಾನಳೇ. ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಗಂಡುಮಕ್ಕಳಿಲ್ಲದ ಅವಳನ್ನು ಹೊಳೆಯಾಚೆಯ ಹಳ್ಳಿಯಿಂದ ಮಗಳೇ ಕರೆತಂದಿದ್ದಳು. ಡಾಕ್ಟರರು ಹೊಟ್ಟೆ ಮುಟ್ಟಿ ನೋಡಿ, ಕೈ ತೊಳೆದುಕೊಂಡು, "ಏನ ಕೇಳತಾರೋ ಅದನ್ನ ಕೊಡ್ರಿ" ಎಂದಷ್ಟೇ ಹೇಳಿ ಹೋದರು. ಔಷಧಿಯ ಚೀಟಿ ಬರೆಯಲಿಲ್ಲ. ಆ ಮಾತಿನ ಅರ್ಥ ಮನೆಯವರಿಗೆಲ್ಲ ಆಗಿತ್ತು, ಯಾರೂ ಬಾಯಿಬಿಟ್ಟು ಆಡಲಿಲ್ಲ. "ಏನ ಬೇಕ ಯವ್ವಾ?" ಎಂದು ಮಗಳು ಕೇಳಿದಾಗ ಬಿಬಿಜಾನ "ಒಂದ್ಸಲ ಬಾಳಿಮೀನಿನ ಸಾರ" ಎಂದಿದ್ದಳು.

"ಅದಕ್ಯಾಕ ಇಷ್ಟ ದೊಡ್ಡ ಆಣಿ?" ಎಂದಳು ಶಮಶಾದಬಿ. "ಅಂಬಿಗರ ಗುರವ್ವ ಸಂತಿಗೆ ಮೀನ ತರ್ತಾಳ. ಅಕಿಗೆ ಒಂದ ಮಾತ ಹೇಳಿದ್ರ ಆತು."

"ತರಸಿದ್ದು ಬ್ಯಾರೆ, ಹಿಡದದ್ದು ಬ್ಯಾರೆ! ನಾ ಅಳ್ಯಾ ಅದೇನಿ!"

"ಹೌದ್ರಿ, ದಂಡಿ ಅಳ್ಯಾ" ಎಂದಳು ಬಿಬಿಜಾನ, ಕಣ್ಣು ಮುಚ್ಚಿಕೊಂಡೇ.

ಅಯ್ಯೋ, ಆ ಹೆಸರು! ಹದಿನೆಂಟು ವರ್ಷದಿಂದ ಅದು ರಜಾಕನ ಬೆನ್ನಿಗೆ ಅಂಟಿಕೊಂಡಿತ್ತು. ಮದುವೆಯ ದಿನ ಗಂಡಿನ ಕಡೆಯವರೆಲ್ಲ ಹರಗೋಲಿನಲ್ಲಿ ಕೃಷ್ಣೆ ದಾಟಿ ಹೆಣ್ಣಿನ ಊರಿಗೆ ಹೋದರು. ಮದುಮಗ ಮಾತ್ರ ಹೋಗಲಿಲ್ಲ. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿ, ಅದರಲ್ಲಿ ಮನುಷ್ಯರನ್ನು ಕೂರಿಸಿ, ಆ ಬುಟ್ಟಿಯನ್ನು ಗರಗರ ತಿರುಗಿಸುತ್ತ ಹೊಳೆ ದಾಟಿಸುವುದನ್ನು ಅವನು ಅಂದೇ ಮೊದಲು ಕಂಡದ್ದು. ಹೂವಿನ ಸೇರಾ ಮುಖದ ಮೇಲೆ ಇಳಿಬಿಟ್ಟುಕೊಂಡು, ದಂಡೆಯ ಜಾಲಿಮರವನ್ನು ಅಪ್ಪಿ ಹಿಡಿದು, "ನಾ ಒಲ್ಲೆ" ಎಂದ. ಹಿರಿಯರು ಬೈದರು, ಗೆಳೆಯರು ಎಳೆದರು, ಮುಳ್ಳು ಚುಚ್ಚಿದವು. ಅವನು ಮರ ಬಿಡಲಿಲ್ಲ. ಕೊನೆಗೆ ಕಾಜಿಯವರನ್ನೂ ಮದುಮಗಳನ್ನೂ ಹರಗೋಲಿನಲ್ಲಿ ಈಚೆಗೆ ಕರೆತಂದು, ನಿಕಾ ಮರಳಿನ ಮೇಲೆಯೇ ಆಯಿತು. ಅಂದಿನಿಂದ ಅವನು ದಂಡಿ ಅಳಿಯ, ದಂಡೆ ಬಿಟ್ಟು ನೀರಿಗೆ ಇಳಿಯದ ಅಳಿಯ. ನೆಂಟರಿಷ್ಟರಲ್ಲಿ ಯಾರ ಮನೆಗೆ ಹೋದರೂ ಮೊದಲು ಆ ಹೆಸರು ಬರುತ್ತಿತ್ತು, ಆಮೇಲೆ ಚಹಾ ಬರುತ್ತಿತ್ತು.

ಈಗ ಅತ್ತೆ ಹೊರಟು ನಿಂತಿದ್ದಳು. ಹೋಗುವ ಮುಂಚೆ ಆ ಬಾಯಿಂದಲೇ "ಭೇಷ್ ಅಳ್ಯಾರ" ಎನ್ನಿಸಿಕೊಳ್ಳದಿದ್ದರೆ ಆ ಹೆಸರು ತನ್ನ ಗೋರಿಯ ತನಕ ಬರುತ್ತದೆಂದು ರಜಾಕನಿಗೆ ಖಾತ್ರಿಯಾಗಿತ್ತು.

ಆದರೆ ಸುಮ್ಮನೆ ಹೋಗಿ ಹೊಳೆಗೆ ಇಳಿಯಲು ಅವನೇನು ಹುಚ್ಚನೆ? ಅವನು ಟೇಲರ್! ಅಳತೆಯಿಲ್ಲದೆ ಕತ್ತರಿ ಹಾಕುವವನಲ್ಲ. ಹರಗೋಲನ್ನು ಗುರವ್ವ ಬಾಡಿಗೆಗೆ ಕೊಡಲು ಒಪ್ಪಿದ್ದಳು. ಉಳಿದದ್ದು ಎರಡು. ಒಂದು, ನೀರು ತಳ್ಳುವ ಹುಟ್ಟು. ಇನ್ನೊಂದು, ನೀರಿಗೆ ಬಿದ್ದರೆ ತೇಲಿಸುವ ಒಂದು ಜಾಕೀಟು. "ಈ ಎರಡೂ ನನ್ನ ಮೈ ಅಳತಿಗೆ ಇರಬೇಕು, ಮಂದೀವು ನನಗ ಬ್ಯಾಡ" ಎಂದು ರಜಾಕ ಘೋಷಿಸಿದ. ಎಂಟು ದಿನದಲ್ಲಿ ಎರಡು ದಿನ ಈ ಘೋಷಣೆಯಲ್ಲೇ ಹೋದವು.

ಮರಗೆಲಸದಲ್ಲಿ ಬಾಗೇವಾಡಿ ತಾಲೂಕಿನ ಮಸೂತಿಯ ಬಡಿಗೇರ ಮಡಿವಾಳಪ್ಪನ ಕೈ ಹಿಡಿಯುವವರಿಲ್ಲ ಎಂದು ಯಾರೋ ಹೇಳಿದರು. ರಜಾಕ ಕೂಡಲೇ ಒಂದು ಕಾರ್ಡು ಬರೆದ. ಗ್ರಂಥಸ್ಥ ಭಾಷೆಯಲ್ಲಿ, ತುಂಬ ಗಾಂಭೀರ್ಯದಿಂದ: "ನಮ್ಮ ಮನೆಯಲ್ಲಿ ಹಿರಿಯರು ಕೊನೆಯ ಸ್ಥಿತಿಯಲ್ಲಿರುವ ಪ್ರಯುಕ್ತ ನಮಗೆ ತುರ್ತಾಗಿ ಒಂದು ಹುಟ್ಟು ಬೇಕಾಗಿದೆ. ಉದ್ದ ಮೂರು ಮೊಳ ಇರತಕ್ಕದ್ದು. ಬಾಯಿ ಅಗಲವಾದಷ್ಟೂ ಒಳ್ಳೆಯದು. ಬಹಳ ಜನರ ಕಣ್ಣು ಇದರ ಮೇಲಿದೆ."

ಕಾರ್ಡಿನಲ್ಲಿ ಹೊಳೆಯ ಹೆಸರಿಲ್ಲ, ಹರಗೋಲಿನ ಹೆಸರಿಲ್ಲ. ಮಸೂತಿಯಲ್ಲೋ ಹೊಳೆಯೇ ಇಲ್ಲ. ಹೊಳೆಯಿಲ್ಲದ ಊರಿನಲ್ಲಿ ಹುಟ್ಟು ಎಂದರೆ ಅಡಿಗೆಮನೆಯ ಕಟ್ಟಿಗೆಯ ಸೌಟು!

ಐದನೆಯ ದಿನ ಬಸ್ಸಿನ ನೆತ್ತಿಯ ಮೇಲೆ, ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಅದು ಬಂತು. ರಜಾಕ ಅದನ್ನು ಹೆಗಲ ಮೇಲೆ ಹೊತ್ತು, ಪೇಟೆಯ ನಡುವೆ ಎದೆಯುಬ್ಬಿಸಿ ನಡೆದು, ಮನೆಗೆ ಬಂದು ಅತ್ತೆಯ ಮುಂದೆಯೇ ಬಿಚ್ಚಿದ. ಮೂರು ಮೊಳ ಉದ್ದದ ಬೇವಿನ ಹಿಡಿಕೆ. ಅದರ ತುದಿಯಲ್ಲಿ ಎರಡು ಸೇರು ಸಾರು ಹಿಡಿಯುವಷ್ಟು ಆಳವಾದ ಗುಳಿ. ಅಂಚಿಗೆ ಚೆಂದದ ಹೂಬಳ್ಳಿಯ ಕೆತ್ತನೆ. ಹಿಡಿಕೆಗೆ ಒಂದು ಚೀಟಿ ಕಟ್ಟಿತ್ತು. ಶಮಶಾದಬಿ ಬಿಚ್ಚಿ ಗಟ್ಟಿಯಾಗಿ ಓದಿಬಿಟ್ಟಳು: "ಎಂಟುನೂರು ಮಂದಿಯ ಊಟಕ್ಕೆ ಸಾಕು. ಹಿರಿಯರು ತೀರಿಕೊಂಡದ್ದು ತಿಳಿದು ಬಹಳ ಕೆಟ್ಟೆನಿಸಿತು. ಅವರ ಆತ್ಮಕ್ಕೆ ಶಾಂತಿ ಸಿಗಲಿ."

ರಜಾಕನ ಮೀಸೆಯ ತುದಿಗಳು ಕೆಳಗಿಳಿದವು. ಅವನಿಗೆ ಆ ಕ್ಷಣ ಹೊಳೆಯೇ ಬಂದು ತನ್ನನ್ನು ಎಳೆದುಕೊಂಡು ಹೋಗಬಾರದೆ ಅನ್ನಿಸಿತು.

ಬಿಬಿಜಾನ ಕೈ ಚಾಚಿ ಆ ಸೌಟನ್ನು ತಡವಿ ನೋಡಿದಳು. ಗುಳಿಯೊಳಗೆ ಬೆರಳಾಡಿಸಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನೋವಿಗೆ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಭಾಳ ಚಲೋ ಆತು ಅಳ್ಯಾರ. ಹುಟ್ಟು ಬಂತು. ಇನ್ನ ಸಾವ ಒಂದ ಬರೂದ ಬಾಕಿ!"

"ಅತ್ತಿ, ಅದು ಹಂಗಲ್ಲ, ಆ ಬಡಿಗ್ಯಾ..."

"ಇಲ್ರಿ, ಬಡಿಗ್ಯಾ ಶ್ಯಾಣ್ಯಾ ಅದಾನ. ಆದ್ರ ಇದರ್ಲೆ ಹರಗೋಲ ನಡಸಾಕ ಬರೂದಿಲ್ಲ. ಹೊಳಿ ನೀರೆಲ್ಲಾ ನೀವು ಒಳಗ ತುಂಬಿಕೋತೀರಿ. ಬ್ಯಾರೆ ನೋಡ್ರಿ, ಅವಸರ ಮಾಡಬ್ಯಾಡ್ರಿ."

ಅವಸರ ಮಾಡಬ್ಯಾಡ್ರಿ! ಸಾಯುವವಳು ಬದುಕುವವನಿಗೆ ಹೇಳಿದ ಮಾತಿದು. ಸಿಟ್ಟಿನ ಭರದಲ್ಲಿ ರಜಾಕ ಅದರ ಕಡೆಗೆ ಲಕ್ಷ್ಯ ಕೊಡಲಿಲ್ಲ.

ಎರಡನೆಯ ಹುಟ್ಟನ್ನು ಅವನು ಎದುರಿಗೆ ಕುಳಿತೇ ಮಾಡಿಸಿದ. ಊರಿನ ಬಡಿಗನ ಮುಂದೆ ಕೊಡೆಯ ಕಾವು ಹಿಡಿದು ಹುಟ್ಟು ಹಾಕುವುದನ್ನು ಅಭಿನಯಿಸಿ ತೋರಿಸಿದ. ಗಟ್ಟಿಯಾಗಿರಲಿ ಎಂದು ಹಳೆಯ ಜಾಲಿಯ ಕಾಂಡ ಆರಿಸಿದ. ಹುಟ್ಟು ನಿಜವಾಗಿಯೂ ಹುಟ್ಟಿನಂತೆಯೇ ಬಂತು. ಅದನ್ನು ಎತ್ತಲು ಮಾತ್ರ ಇಬ್ಬರು ಬೇಕಾಯಿತು. ಬಿಬಿಜಾನ ಉಗುರಿನಿಂದ ಬಡಿದು, ಕಿವಿಗೊಟ್ಟು ಕೇಳಿದಳು.

"ಜಾಲಿ ಐತಲ್ರಿ ಇದು. ನೀರಿಗೆ ಬಿದ್ದರ ತಳಕ್ಕ ಹೋಗಿ ಕೂಡತೈತಿ."

"ಕೈಯಾಗ ಗಟ್ಟಿ ಹಿಡಕೋತೇನಿ ಬಿಡ್ರಿ, ಬೀಳಾಕ ಯಾಕ ಬಿಡ್ಲಿ?"

"ಹೊಳಿ ನಿಮ್ಮನ್ನ ಕೇಳಿ ಕಸಗೋತೈತೇನು? ಹುಟ್ಟು ತೇಲಬೇಕು ಅಳ್ಯಾರ. ಮನಷ್ಯಾ ಮುಳಗಿದ್ರೂ ಹುಟ್ಟು ತೇಲಬೇಕು. ಮನ್ಯಾಗಿನವ್ರಿಗೆ ಸುದ್ದಿ ತರಬೇಕಲ್ಲ?"

ಶಮಶಾದಬಿ ಚಹಾದ ಬಟ್ಟಲು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅವಳ ತಂದೆ ಮಶಾಕಸಾಬ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವ. ಅವಳ ಮದುವೆಗೆ ನಾಲ್ಕು ವರ್ಷ ಮುಂಚೆ, ಒಂದು ಮುಂಜಾನೆ ಹೋದವ ತಿರುಗಿ ಬರಲಿಲ್ಲ. ಹೆಣ ಸಿಗಲೇ ಇಲ್ಲ. ಮೂರನೆಯ ದಿನ ಅವನ ಹುಟ್ಟೊಂದು ತಾನಾಗಿ ತೇಲುತ್ತ ಊರ ದಂಡೆಗೆ ಬಂದು ನಿಂತಿತ್ತು. ಈ ಸಂಗತಿ ರಜಾಕನಿಗೂ ಗೊತ್ತಿತ್ತು. ಆದರೆ ಅವನಿಗೆ ಆಗ ತನ್ನ ಹುಟ್ಟಿನ ಚಿಂತೆ, ಮಾವನ ಹುಟ್ಟು ನೆನಪಾಗಲಿಲ್ಲ.

ಎಂಟು ದಿನ ಯಾವಾಗಲೋ ದಾಟಿ ಹೋಗಿದ್ದವು. "ಎಂಟ ದಿವ್ಸ ಅಂದ್ರ ಕೆಲಸದ ದಿವ್ಸ! ಸಂತಿ ದಿವ್ಸ, ಸುಕ್ಕರವಾರ ಲೆಕ್ಕಕ್ಕಿಲ್ಲ!" ಎಂದು ರಜಾಕ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗಿದ. ಹುಟ್ಟನ್ನು ಬದಿಗಿಟ್ಟು ಜಾಕೀಟಿಗೆ ಕೈ ಹಾಕಿದ.

ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜುವುದು ಹೊಳೆಸಾಲಿನವರ ರೂಢಿ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಅವನ ಚಿಕ್ಕಮ್ಮನ ಮನೆಯಲ್ಲಿ ಬೀಜ ತುಂಬಿಡುವ ದೊಡ್ಡ ಬುರುಡೆಗಳಿದ್ದವು. ಎರಡು ಬಸ್ಸು ಬದಲಿಸಿ ಹೋಗಿ ಅಂಥ ಎರಡು ಬುರುಡೆ ತಂದ. ಬರುವಾಗ ಬಸ್ಸಿನಲ್ಲಿ ಅವುಗಳನ್ನು ಎರಡು ಮಕ್ಕಳಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಮನೆಗೆ ಬಂದು ನಡುವಿಗೆ ಕಟ್ಟಿಕೊಂಡು, ನೀರಿಲ್ಲದ ಅಂಗಳದಲ್ಲಿ ಬೋರಲು ಮಲಗಿ, ಕೈಕಾಲು ಬಡಿದು ತೋರಿಸಿದ. ಕೋಳಿಗಳು ದಿಕ್ಕಾಪಾಲಾದವು. ಬಿಬಿಜಾನ ಹೊರಸಿನಿಂದಲೇ ಕತ್ತು ಹೊರಳಿಸಿ ನೋಡಿದಳು.

"ನಡಕ್ಕ ಕಟ್ಟೀರಲ್ರಿ?"

"ಹೌದ್ರಿ. ಗಟ್ಟಿ ಕುಂತಾವ ನೋಡ್ರಿ!"

"ಅವು ಗಟ್ಟಿ ಕೂಡತಾವ. ನಡಾ ಮ್ಯಾಲ ತೇಲತೈತಿ. ತಲಿ ಕೆಳಗ ನೇತಾಡತೈತಿ. ಮೀನದ್ದು ಮೀಸಿ, ನಿಮ್ಮದು ಮೀಸಿ, ಎರಡೂ ಎದರಾಬದರ ಆಗತಾವ."

ಶಮಶಾದಬಿ ಬಾಯಿಗೆ ಸೆರಗು ಇಟ್ಟುಕೊಂಡಳು. ರಜಾಕ ಎದ್ದು ಎದೆಯ ಧೂಳು ಜಾಡಿಸಿಕೊಂಡ. ಬುರುಡೆಗಳು ಮರುದಿನವೇ ಅಡಿಗೆಮನೆಗೆ ಹೋಗಿ ಹುರುಳಿ ತುಂಬಿಕೊಂಡು ಕುಳಿತವು.

ಇಷ್ಟರಲ್ಲಿ ಬಿಬಿಜಾನ ಸೊರಗುತ್ತಿದ್ದಳು. ಗಂಜಿ ಒಲ್ಲೆನೆಂದಳು, ಆಮೇಲೆ ನೀರೂ ಬೇಡವೆಂದಳು. ಬೆನ್ನು ನೋಯುತ್ತದೆ, ಏನೋ ಒತ್ತುತ್ತದೆ ಎಂದು ನರಳುತ್ತಿದ್ದಳು. "ಗಾದಿ ಗಂಟಗಂಟ ಆಗಿರಬೇಕು, ತಗದು ಬಿಸಿಲಿಗೆ ಹಾಕಿ ಬಡಿಯೂನು" ಎಂದು ರಜಾಕ ಒಮ್ಮೆ ಅಂಚು ಹಿಡಿದು ಎತ್ತಲು ಹೋದ. ಮಾತಾಡಲು ತ್ರಾಣವಿಲ್ಲದ ಮುದುಕಿ ಮನೆ ಹಾರಿಹೋಗುವಂತೆ ಚೀರಿದಳು. "ಗಾದಿಗೆ ಕೈ ಹಚ್ಚಬ್ಯಾಡ್ರಿ! ನಾ ಹ್ವಾದ ಮ್ಯಾಲ ಏನರ ಮಾಡಕೋರಿ!" ರಜಾಕ ಬೆಚ್ಚಿ ಕೈ ಬಿಟ್ಟ. ರೋಗದ ತಾಪಕ್ಕೆ ಹೀಗಾಡುತ್ತಾಳೆ ಎಂದುಕೊಂಡ.

ಸಿಂದಗಿಯ ಖಾಜಾಸಾಬನ ಹೆಸರು ಬಂದದ್ದು ಆಗಲೇ. ಅವನು ಮಹಾಯುದ್ಧದ ಕಾಲಕ್ಕೆ ಪಲ್ಟಣಿಯಲ್ಲಿದ್ದು ಹಡಗು ಹತ್ತಿ ಬರ್ಮಾಕ್ಕೆ ಹೋಗಿ ಬಂದವ. ರಜಾಕ ಅವನ ಮನೆಯಲ್ಲಿ ಅರ್ಧ ದಿನ ಕುಳಿತು ಎರಡು ಲಡಾಯಿ, ಒಂದು ಬಿರುಗಾಳಿ, ಮೂರು ಕರ್ನಲ್‌ಗಳ ಕಥೆ ಕೇಳಿದ. ಆಮೇಲೆ ಬೇಕಾದ ಮಾತು ಬಂತು.

"ಹಡಗಿನ್ಯಾಗ ನಮಗೆಲ್ಲಾ ಒಂದೊಂದ ಜಾಕೀಟ ಕೊಡತಿದ್ರು" ಎಂದ ಖಾಜಾಸಾಬ. "ಎದೀಗೆ, ಬೆನ್ನಿಗೆ, ಕೊಳ್ಳಿಗೆ ದಪ್ಪ ದಿಂಬ ಇದ್ದಂಗ. ಒಳಗ ಬೂರಗದ ಅಳ್ಳಿ. ಅದು ಲಗೂನ ನೀರ ಕುಡಿಯೂದಿಲ್ಲ. ತಲಿ ಮ್ಯಾಲ ಎತ್ತಿ ಹಿಡೀತೈತಿ. ಸತ್ತರೂ ತಲಿ ಮ್ಯಾಲ!"

ಕೊನೆಯ ಮಾತು ರಜಾಕನಿಗೆ ಅಷ್ಟು ಸೇರಲಿಲ್ಲ. ಆದರೆ ಹೊಲಿಗೆ ಎಂದ ಕೂಡಲೇ ಅವನ ಕೈ ತುರಿಸತೊಡಗಿತು. ನಾಲ್ಕು ತಾಲೂಕು ಸುತ್ತಿ ಹುಡುಕಿದ ವಿದ್ಯೆ ತನ್ನ ಮಿಷನ್ನಿನಲ್ಲೇ ಇತ್ತಲ್ಲ! ಒಂದು ಚೀಲ ಬೂರಗದ ಅರಳೆ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದ. ಹೊಸ್ತಿಲು ದಾಟುತ್ತಲೇ ಮೂಗು ಅರಳಿಸಿದ.

"ಶಮಶಾದ! ಮೀನಿನ ವಾಸನಿ ಬರಾಕತ್ತೈತಲ್ಲ?"

"ಮೂರ ವಾರ ಮೀನ ಮೀನ ಅಂದೀರಿ. ನಿಮ್ಮ ಮೂಗಿನ್ಯಾಗ ಮನಿ ಮಾಡೇತಿ ಅದು."

ರಜಾಕನಿಗೆ ಇದು ಶುಭ ಲಕ್ಷಣವೆನ್ನಿಸಿತು. ಹಿಡಿಯುವ ಮುಂಚೆಯೇ ಮೀನು ವಾಸನೆ ಕಳಿಸಿದೆ ಎಂದುಕೊಂಡ. ಅತ್ತೆ ಆ ದಿನ ತುಸು ಗೆಲುವಾಗಿದ್ದಳು, ತುಟಿಗೆ ಒಂದಿಷ್ಟು ಬಣ್ಣ ಬಂದಿತ್ತು.

ಜಾಕೀಟು ಮಾತ್ರ, ನಿಜ ಹೇಳಬೇಕೆಂದರೆ, ಅಪೂರ್ವವಾಗಿ ಬಂತು! ಖಾಕಿ ಕ್ಯಾನ್ವಾಸು, ಜೋಡು ಹೊಲಿಗೆ, ಬೆರಳು ದಪ್ಪ ಅಂಚು, ಎತ್ತಿ ನಿಲ್ಲಿಸಿದ ಕಾಲರು, ಐದು ಗುಂಡಿ. ತೊಟ್ಟುಕೊಂಡರೆ ರಜಾಕ ತುಂಬಿದ ಗೋಣಿಚೀಲದಂತೆ ಕಂಡ, ಬಾಗಿಲಲ್ಲಿ ಅಡ್ಡಡ್ಡ ಹಾಯಬೇಕಾಯಿತು. ಆದರೂ ಅದು ಅವನು ಜೀವಮಾನದಲ್ಲಿ ಹೊಲಿದ ಅತ್ಯುತ್ತಮ ವಸ್ತು. ಅತ್ತೆ ಇದರಲ್ಲಿ ತಪ್ಪು ಹುಡುಕಲಿ ನೋಡೋಣ ಎಂದು ಅವಳ ಮುಂದೆ ನಾಲ್ಕು ಸುತ್ತು ತಿರುಗಿದ.

ಬಿಬಿಜಾನ ತಪ್ಪು ಹುಡುಕಲಿಲ್ಲ. ಕೈ ಚಾಚಿ ಜಾಕೀಟನ್ನು ಒತ್ತಿ ನೋಡಿ, ಮೆಲ್ಲಗೆ ಕೇಳಿದಳು: "ಇದನ್ನ ನನ್ನ ಬೆನ್ನಿಗೆ ಕೊಡತೀರೇನ್ರಿ? ಮೆತ್ತಗೈತಿ."

ರಜಾಕ ಒಂದೊಂದೇ ಗುಂಡಿ ಬಿಚ್ಚಿ ಜಾಕೀಟು ತೆಗೆದ. ಶಮಶಾದಬಿ ತಾಯಿಯನ್ನು ಹಿಡಿದೆತ್ತಿದಳು. ಅವಳು ತೂಕವಿಲ್ಲದ ಬಟ್ಟೆಯಂತೆ ಎದ್ದಳು. ರಜಾಕ ತನ್ನ ಕೈಯಿಂದಲೇ ಜಾಕೀಟನ್ನು ಗಾದಿಯ ಮೇಲೆ ಹಾಸಿ, ಕಾಲರು ತಲೆಗೆ ಆನಿಕೆಯಾಗುವಂತೆ ಇಟ್ಟ. ಅದರ ಮೇಲೆ ಒರಗಿದ ಬಿಬಿಜಾನ ಉಸಿರು ಬಿಟ್ಟು, "ಆಹಾ, ನೀರಿನ ಮ್ಯಾಲ ಮಲಗಿದಂಗಾತು" ಎಂದಳು. ಆಮೇಲೆ ಎಷ್ಟೋ ದಿನಗಳ ನಂತರ ನಿದ್ದೆ ಹೋದಳು. ಅವಳ ನಿದ್ದೆ ನೋಡುತ್ತ ನಿಂತ ರಜಾಕನಿಗೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಅರ್ಧ ಅತ್ತೆಯ ನಿದ್ದೆಗಾಗಿ, ಇನ್ನರ್ಧ ಹೊಳೆ ಮತ್ತೆ ಹದಿನೈದು ದಿನ ಮುಂದೆ ಹೋಯಿತೆಂದು. ಇದನ್ನು ಅವನು ಯಾರ ಮುಂದೆಯೂ ಒಪ್ಪಲಿಲ್ಲ. ಆದರೆ ಹೊಳೆಯ ನೆನಪಾದರೆ ಅವನ ಕೈ ಈಗಲೂ ಅಪ್ಪಿ ಹಿಡಿಯಲು ಜಾಲಿಮರ ಹುಡುಕುತ್ತಿತ್ತು.

ಎರಡನೆಯ ಜಾಕೀಟಿಗೆ ಬೂರಗದ ಅರಳೆ ಮತ್ತೆ ಸಿಂದಗಿಯಿಂದ ಬರಬೇಕಾಯಿತು. ಹಗುರಾದ ಹುಟ್ಟೊಂದನ್ನು ಗುರವ್ವನೇ ಕೊಟ್ಟಳು. "ಟೇಲರ್ ಸಾಹೇಬ್ರ, ಇದೇನ್ ನೀವು ಮೀನ ಹಿಡಿಯಾಕ ಹೊಂಟೀರೋ, ಮೀನಿನ ಮದವಿಗೆ ಹೊಂಟೀರೋ?" ಎಂದು ನಕ್ಕಳು. ರಜಾಕ ನಗಲಿಲ್ಲ. ಈ ಸಲ ಅವನು ದಿನ ಗೊತ್ತು ಮಾಡಿಯೇ ಬಿಟ್ಟ. ಅತ್ತೆಯ ಮುಖ ನೋಡಿದವರಿಗೆ ಇನ್ನು ತಡ ಮಾಡುವಂತಿಲ್ಲವೆಂದು ತಿಳಿಯುತ್ತಿತ್ತು. ಅಂಜುತ್ತಲೇ ಹೋಗಿ ಇಳಿಯುತ್ತೇನೆ, ಸಣ್ಣದೊಂದು ಮೀನಾದರೂ ಸರಿ, ಹಿಡಿದು ತಂದು ಅವಳ ನಾಲಿಗೆಗೆ ಸಾರು ಮುಟ್ಟಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡ.

ಆ ಮುಂಜಾನೆ ಜಾಕೀಟು ತೊಟ್ಟು, ಹುಟ್ಟು ಹಿಡಿದು, ಅಪ್ಪಣೆ ಕೇಳಲು ಹೊರಸಿನ ಬಳಿ ಬಂದು ನಿಂತ. ಬಿಬಿಜಾನ ಕಣ್ಣು ತೆರೆದಳು. ಹುಟ್ಟನ್ನು ನೋಡಿದಳು. ಅದರಲ್ಲಿ ದೋಷವಿರಲಿಲ್ಲ. ಜಾಕೀಟನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಕಣ್ಣು ಗಾಬರಿಯಿಂದ ಏನನ್ನೋ ಹುಡುಕುತ್ತಿತ್ತು.

"ಗುಂಡಿ... ಎಷ್ಟ ಅದಾವ್ರಿ?"

"ಐದ ಅತ್ತಿ."

"ಆರ ಬೇಕು. ಕೆಳಗ ಒಂದ ಹಚ್ರಿ. ಗಾಳಿಗೆ... ಬಿಚ್ಚತೈತಿ."

"ಬಂದ ಮ್ಯಾಲ ಹಚ್ಚತೇನ್ರಿ. ಗುರವ್ವ ಕಾಯಾಕತ್ತಾಳ."

"ಹಚಗೊಂಡು ಹೋಗ್ರಿ ಅಳ್ಯಾರ. ನನ್ನ ಮಾತ ಒಂದ ನಡಸ್ರಿ."

ರಜಾಕ ಜಾಕೀಟು ಬಿಚ್ಚಿ, ಅವಳ ಹೊರಸಿನ ಪಕ್ಕದಲ್ಲೇ ಕುಳಿತು ಆರನೆಯ ಗುಂಡಿ ಹಚ್ಚತೊಡಗಿದ. ದಪ್ಪ ಕ್ಯಾನ್ವಾಸಿನಲ್ಲಿ ಸೂಜಿ ಸಲೀಸಾಗಿ ಹೋಗದು. ನಾಲ್ಕು ಸುತ್ತು ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದು, "ಆತ ನೋಡ್ರಿ ಅತ್ತಿ, ಆರ" ಎಂದು ತಲೆ ಎತ್ತಿದ. ನೋಡಲು ಬಿಬಿಜಾನ ಇರಲಿಲ್ಲ.

ಮನೆಯಲ್ಲಿ ಹೆಂಗಸರ ಅಳು ಎದ್ದಿತು. ಮೈ ತೊಳೆಯಲು ಅವಳನ್ನು ಎತ್ತಿದರು. ಯಾರೋ ಗಾದಿಯನ್ನು ಮಡಚಿ ಎಳೆದಾಗ ಅದರ ಕೆಳಗಿಂದ ಏನೋ ಜಾರಿ ನೆಲಕ್ಕೆ ಬಿದ್ದು ಸದ್ದಾಯಿತು. ಬಾಗಿಲ ಹೊರಗೆ ನಿಂತಿದ್ದ ರಜಾಕ ಇಣುಕಿ ನೋಡಿದ. ಒಂದು ಹಳೆಯ ಹುಟ್ಟು. ಹಗುರವಾದ ಕಟ್ಟಿಗೆ, ಕೈ ಹಿಡಿದು ಹಿಡಿದು ನುಣುಪಾದ ಹಿಡಿಕೆ, ಅಗಲವಾದ ತೆಳ್ಳನೆಯ ಎಲೆ. ಅವನು ಇಷ್ಟು ದಿನ ಹುಡುಕಿದ ಹುಟ್ಟು ಅವನ ಮನೆಯ ಪಡಸಾಲೆಯಲ್ಲೇ, ಅತ್ತೆಯ ಬೆನ್ನ ಕೆಳಗೇ ಇತ್ತು. ಶಮಶಾದಬಿ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಅಂದು ಕೇಳುವ ಹೊತ್ತಾಗಿರಲಿಲ್ಲ. ಆಮೇಲೆ ಕೇಳಲು ರಜಾಕನಿಗೆ ಧೈರ್ಯ ಬರಲಿಲ್ಲ.

ನಲವತ್ತನೆಯ ದಿನದ ಊಟಕ್ಕೆ ಅಂಗಳದಲ್ಲಿ ಎರಡು ದೊಡ್ಡ ಹಂಡೆ ಏರಿದವು. ಅಷ್ಟು ದೊಡ್ಡ ಹಂಡೆಗೆ ಒಗ್ಗುವ ಸೌಟು ಊರಲ್ಲೆಲ್ಲ ಒಂದೇ ಇತ್ತು. ಮಸೂತಿಯ ಮಡಿವಾಳಪ್ಪನ ಹುಟ್ಟು ಕಡೆಗೂ ಅವನು ಅಂದುಕೊಂಡ ಕೆಲಸಕ್ಕೇ ಬಂತು. ಎಂಟುನೂರು ಮಂದಿ ಬರಲಿಲ್ಲ, ಬಂದ ಇನ್ನೂರು ಮಂದಿ ಅದರ ಹೂಬಳ್ಳಿಯನ್ನು ಹೊಗಳಿದರು.

ರಜಾಕ ಅಂಗಳದ ಮೂಲೆಯಲ್ಲಿ ಕ್ಷೌರಿಕನ ಮುಂದೆ ಕುಳಿತಿದ್ದ. ಆಡಿದ ಮಾತು ಆಡಿದ್ದು. ಎಂಟು ದಿನ ಹೋಗಿ ಎಷ್ಟೋ ದಿನವಾಗಿತ್ತು, ಮೀನು ಬಂದಿರಲಿಲ್ಲ, ಉಣ್ಣುವವಳೂ ಇರಲಿಲ್ಲ. ಮೀಸೆಗೆ ಸಾಬೂನಿನ ನೊರೆ ಹತ್ತಿತು. ಕ್ಷೌರಿಕ ಕತ್ತಿ ಮಸೆದು ಹತ್ತಿರ ತಂದ. ಅಷ್ಟರಲ್ಲಿ ಕತ್ತಿಗೂ ಮೀಸೆಗೂ ನಡುವೆ ಮೂರು ಮೊಳದ ಸೌಟೊಂದು ಬಂದು ಅಡ್ಡ ನಿಂತಿತು!

"ತಡಿಯಪಾ" ಎಂದಳು ಶಮಶಾದಬಿ. "ಅವರ ಆಣಿ ಹೆಂಗರ ಇರ್ಲಿ, ಅವ್ವ ಬಾಳಿಮೀನ ಉಂಡಾಳ."

"ಯಾವಾಗ?" ರಜಾಕನ ಬಾಯಿಗೆ ನೊರೆ ಹೋಯಿತು.

"ನೀವು ಸಿಂದಗಿಗೆ ಹೋದ ದಿನ. ಗುರವ್ವ ತಂದುಕೊಟ್ಟಿದ್ಲು. ಎರಡ ಬಟ್ಟಲ ಸಾರ ಕುಡದು, 'ಅಳ್ಯಾರಿಗೆ ಹೇಳಬ್ಯಾಡ' ಅಂದ್ಲು."

"ಯಾಕ? ನನಗ್ಯಾಕ ಹೇಳಬಾರದು?"

"ಹೇಳಿದ್ರ ನೀವು 'ಅದು ನಾ ಹಿಡದದ್ದಲ್ಲ' ಅಂತ ಮರದಿನಾನ ಹೊಳಿಗೆ ಇಳೀತಿದ್ರಿ. ಹೋಗಬ್ಯಾಡ್ರಿ ಅಂದಿದ್ರ ಅವತ್ತ ಇಳೀತಿದ್ರಿ. ಹೌದೋ ಅಲ್ಲೋ?"

ರಜಾಕ ತಲೆ ತಗ್ಗಿಸಿದ. ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಸುಳ್ಳು ಹೇಳಿ ಉಪಯೋಗವಿರಲಿಲ್ಲ.

"ನೀವು ಆಣಿ ಮಾಡಿದ ದಿನಾನ ಅಪ್ಪನ ಹುಟ್ಟು ಊರಿಂದ ತರಿಸಿ ಗಾದಿ ಕೆಳಗ ಇಡಿಸಿಕೊಂಡ್ಲು. 'ಇದು ಅವರ ಕೈಗೆ ಸಿಗಬಾರದು. ಆರಸ್ಲಿ. ಆರಸೂತನಕ ದಂಡಿ ಮ್ಯಾಲ ಇರತಾರ. ನನಗ ಬಂದ ಹಣೆಬಾರ ನಿನಗ ಬ್ಯಾಡ ಮಗಳ' ಅಂದ್ಲು. ಬೆನ್ನು ಹುಣ್ಣಾದ್ರೂ ಅದರ ಮ್ಯಾಲಿಂದ ಏಳಲಿಲ್ಲ."

"ಹಂಗಾರ, ದಂಡಿ ಅಳ್ಯಾ ಅಂತ ನನ್ನ ಬೈತಿದ್ದದ್ದು...?"

"ಬೈಗಳ ಅಂತ ತಿಳಕೊಂಡಿದ್ರೇನು?" ಎಂದಳು ಶಮಶಾದಬಿ. "ನಮ್ಮ ಮದವಿ ದಿನ ನೀವು ಮರಾ ಹಿಡಕೊಂಡು ನಿಂತಾಗ, ಎಲ್ಲಾರೂ ನಗಾಕತ್ತಿದ್ರು. ಅವ್ವ ಒಬ್ಬಾಕಿನ ನನ್ನ ಕಿವ್ಯಾಗ ಹೇಳಿದ್ಲು, 'ನೀರಂದ್ರ ಅಂಜತಾನವ್ವ ಹುಡಗಾ. ಪುಣ್ಯಾ ಮಾಡೀದಿ' ಅಂತ."

ಅಂಗಳದಲ್ಲಿ ಹಂಡೆ ಕುದಿಯುತ್ತಿತ್ತು. ಕ್ಷೌರಿಕ ಕತ್ತಿ ಹಿಡಿದುಕೊಂಡೇ ಅವರಿಬ್ಬರ ಮುಖ ನೋಡಿದ.

"ನಾ ಈಗ ಏನ ಮಾಡ್ಲಿರಿ ಅಕ್ಕಾರ?"

"ಸಾಬಾಣ ಒರಿಸಿ ಬಿಡು. ಮೀಸಿಗೆ ಕತ್ತಿ ಹಚ್ಚಬ್ಯಾಡ. ಅವ್ವ ಹೇಳಿ ಹೋಗ್ಯಾಳ, ಅಳ್ಯಾರ ಮೀಸಿ ಯಾವಾಗ್ಲೂ ಒಣಾ ಇರ್ಲಿ ಅಂತ."

ಕ್ಷೌರಿಕ ಹೆಗಲ ಮೇಲಿನ ಅರಿವೆ ತೆಗೆದು ನೊರೆ ಒರೆಸಿದ. ಮತ್ತೊಮ್ಮೆ ಒರೆಸಿದ. ಅರಿವೆ ಹಿಂಡಿ ಮೂರನೆಯ ಸಲವೂ ಒರೆಸಿ, ರಜಾಕನ ಗದ್ದ ಹಿಡಿದೆತ್ತಿ ನೋಡಿ, ಕೈಚೆಲ್ಲಿ ಶಮಶಾದಬಿಯ ಕಡೆಗೆ ತಿರುಗಿದ.

"ಒಣಾ ಇರ್ಲಿ ಅಂತೀರಲ್ರಿ ಅಕ್ಕಾರ, ಇದು ಒಣಗವಲ್ದು ನೋಡ್ರಿ!"